ಬೋರಣ್ಣನ ಬೆನ್ನ ಹಿಂದೆ ಯಾರು?

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಕರಡಿ ಜೇನು ತರಲು ಸೈಕಲ್ಲಿನಲ್ಲೇ ಹೋಗುತ್ತಿತ್ತು. ಆಮೆಯೂ ಒಂದು ಸೈಕಲ್ ಇಟ್ಟುಕೊಂಡಿತ್ತು. ತುಳಿಯುತ್ತಿರಲಿಲ್ಲ, ದಿನಾ ಒರೆಸಿ ಇಡುತ್ತಿತ್ತು ಅಷ್ಟೆ. ವರ್ಷಕ್ಕೊಮ್ಮೆ ಅಲ್ಲಿ ಐದು ದಿನಗಳ ದೊಡ್ಡ ಓಟ ನಡೆಯುತ್ತಿತ್ತು. ದಿನಕ್ಕೊಂದು ದಾರಿ, ದಿನಕ್ಕೊಂದು ಗೆಲುವು. ಹೆಚ್ಚು ದಿನ ಗೆದ್ದವರಿಗೆ ಹಳದಿ ಅಂಗಿ. ಆ ಅಂಗಿ ತೊಟ್ಟವರು ಎದುರಿಗೆ ಬಂದರೆ ಹುಲಿಯೂ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತಂತೆ. ನಾನು ನೋಡಿಲ್ಲ, ಕಾಡಿನವರು ಹೇಳುವುದು.

ಆ ಓಟದಲ್ಲಿ ಬೋರಣ್ಣನೆಂಬ ಕಾಟಿ, ಅಂದರೆ ಕಾಡುಕೋಣ, ಮತ್ತು ಕೆಂಚಿಯೆಂಬ ಮುಂಗುಸಿ ಒಂದು ಜೋಡಿ. ಬೋರಣ್ಣನದು ಬಾಗಿಲಿನಷ್ಟು ಅಗಲದ ಬೆನ್ನು. ಕೆಂಚಿಯದು ಅಂಗೈಯಗಲದ ಮೈ, ಆದರೆ ಕಾಲಿನಲ್ಲಿ ಮಿಂಚು. ಸೈಕಲ್ ಓಟದಲ್ಲಿ ಮುಂದಿರುವವರು ಗಾಳಿಯನ್ನು ಸೀಳಬೇಕು. ಅವರ ಮರೆಯಲ್ಲಿ ಬರುವವರಿಗೆ ಅರ್ಧ ಶ್ರಮ ಸಾಕು. ಅದಕ್ಕೇ ಬೋರಣ್ಣ ದಾರಿಯುದ್ದಕ್ಕೂ ಮುಂದೆ, ಕೆಂಚಿ ಅವನ ಹಿಂದೆ. ಗುರಿ ಹತ್ತಿರ ಬಂದಾಗ ಬೋರಣ್ಣ ಕೂಗುತ್ತಿದ್ದ: "ಬಂದ್ಯಾ ತಂಗೀ?"

"ಬಂದೆ ಅಣ್ಣಾ!" ಎಂದು ಹಿಂದಿನಿಂದ ಕೆಂಚಿಯ ಕೀರಲು ದನಿ ಬರುತ್ತಿತ್ತು.

ಆಗ ಬೋರಣ್ಣ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತುಳಿಯುತ್ತಿದ್ದ. ಗುರಿ ಇನ್ನೇನು ಸಿಕ್ಕಿತು ಎನ್ನುವಾಗ ಪಕ್ಕಕ್ಕೆ ಸರಿಯುತ್ತಿದ್ದ. ಕೆಂಚಿ ಚಂಗನೆ ಹಾರಿ ಮುಂದೆ ಹೋಗಿ ಗೆಲ್ಲುತ್ತಿದ್ದಳು. ಬೋರಣ್ಣ ತಾನು ಒಂದು ದಿನವೂ ಗೆದ್ದವನಲ್ಲ. ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ. ಕೆಂಚಿ ಗೆದ್ದಾಗ ಅವನೇ ಎಲ್ಲರಿಗಿಂತ ಜೋರಾಗಿ ಗುಟುರು ಹಾಕುತ್ತಿದ್ದ.

ಈ ವರ್ಷ ಮೊದಲ ಎರಡು ದಿನ ಕೆಂಚಿಯೇ ಗೆದ್ದಳು. ಮೂರನೆಯ ದಿನ ಎಡವಟ್ಟಾಯಿತು. ಬೋರಣ್ಣ ಎಂದಿನಂತೆ ಕೂಗಿದ. "ಬಂದೆ ಅಣ್ಣಾ!" ಎಂದು ಎಂದಿನಂತೆ ಉತ್ತರ ಬಂತು. ಅವನು ಎಂದಿನಂತೆ ತುಳಿದ, ಎಂದಿನಂತೆ ಸರಿದ. ಆದರೆ ಅವನ ಪಕ್ಕದಿಂದ ಹಾರಿ ಹೋದದ್ದು ಕೆಂಚಿಯಲ್ಲ, ನರಿ ಚೆನ್ನಿಗರಾಯ! ನಾಲ್ಕನೆಯ ದಿನವೂ ಅದೇ ಕತೆ. ಬೋರಣ್ಣನ ಕುತ್ತಿಗೆ, ಹೆಗಲು ಎಲ್ಲ ಸೇರಿ ಒಂದೇ ದಿಮ್ಮಿ. ಓಡುವಾಗ ಹಿಂದೆ ತಿರುಗಿ ನೋಡುವುದು ಅವನಿಂದ ಆಗದ ಮಾತು. ಕಿವಿಯನ್ನು ನಂಬಿದ್ದ, ಅಷ್ಟೆ.

"ನನ್ನನ್ನ ಹಿಂದೆ ಬಿಟ್ಟು ಆ ನರೀನ ಗೆಲ್ಲಿಸ್ತೀಯಲ್ಲ!" ಎಂದು ಕೆಂಚಿ ಕಣ್ಣಲ್ಲಿ ನೀರು ತಂದುಕೊಂಡಳು. ಬೋರಣ್ಣ ಬಾಯಿ ತೆರೆಯುವ ಮೊದಲೇ ಸೈಕಲ್ ತಳ್ಳಿಕೊಂಡು ಹೊರಟೇಹೋದಳು.

ಆ ಸಂಜೆ ಚೆನ್ನಿಗರಾಯ ಮೆಲ್ಲಗೆ ಬೋರಣ್ಣನ ಹತ್ತಿರ ಬಂದು ಕೂತ. ಪಾಪ, ಅವನ ಮುಖದಲ್ಲಿ ಎಷ್ಟು ಕರುಣೆ!

"ಬೋರಣ್ಣ, ನಿನ್ನಂಥ ಒಳ್ಳೆಯವನಿಗೆ ಹೀಗಾಗಬಾರದಿತ್ತು" ಎಂದ. "ಕೆಂಚಿ ಏನಂದ್ಲು ಗೊತ್ತಾ? ಕಾಟಿಗೆ ವಯಸ್ಸಾಯ್ತು, ಮುಂದಿನ ವರ್ಷದಿಂದ ಕಡವೆ ಜೊತೆ ಓಡ್ತೀನಿ ಅಂದ್ಲು. ನಾನಾಗಿದ್ರೆ ನಿನ್ನ ತಲೆ ಮೇಲೆ ಹೊತ್ತುಕೊಂಡು ಮೆರೀತಿದ್ದೆ."

ಬೋರಣ್ಣ ಎದ್ದು ಕತ್ತಲಲ್ಲಿ ಒಬ್ಬನೇ ನಡೆದ. ಅಂಗಿ ಹೋದರೆ ಹೋಗಲಿ. ಕೆಂಚಿಯೇ ಹೋದರೆ? ಅವಳ ದನಿ ಇಲ್ಲದ ಬೆನ್ನು ಇಟ್ಟುಕೊಂಡು ಅವನೇನು ಮಾಡಬೇಕು? ಅಂದು ಅವನು ಹುಲ್ಲನ್ನೂ ಮುಟ್ಟಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಎಲ್ಲರೂ ಹೋಗಿ ಗುರಿಯ ದಾರಿ ನೋಡಿಕೊಂಡು ಬರುವುದು ವಾಡಿಕೆ. ಎಲ್ಲಿ ತಿರುವು, ಎಲ್ಲಿ ಕಲ್ಲು, ಗಾಳಿ ಯಾವ ಕಡೆಯದು ಎಂದೆಲ್ಲ ತಿಳಿದುಕೊಳ್ಳಬೇಕಲ್ಲ. ಬೋರಣ್ಣನೂ ಹೋದ. ದಾರಿ ಬಿದಿರಿನ ಮೆಳೆ ದಾಟಿ, ಹಳ್ಳ ದಾಟಿ, ಬಯಲಿಗೆ ಬರುತ್ತಿತ್ತು. ಬಯಲಿನ ಆ ತುದಿಯಲ್ಲಿ ಎರಡು ಹುತ್ತ. ಅವುಗಳ ನಡುವೆ ಕಟ್ಟಿದ ಬಳ್ಳಿಯೇ ಗುರಿ. ಬಯಲಿನಲ್ಲಿ ಎದುರಿನಿಂದ ಬೀಸುವ ಗಾಳಿ ಬೋರಣ್ಣನಂಥವನನ್ನೇ ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತು.

ವಾಪಸು ಬರುವಾಗ ನೀರು ಕುಡಿಯಲು ಹಳ್ಳಕ್ಕೆ ಇಳಿದ. ಆಗ ಪೊದೆಯ ಹಿಂದಿನಿಂದ ದನಿ ಕೇಳಿಸಿತು.

"ಬಂದೆ ಅಣ್ಣಾ!"

ಬೋರಣ್ಣನ ಜೀವ ಹಿಗ್ಗಿತು. ಕೆಂಚಿ ಮಾತಾಡಿಸಲು ಬಂದಿದ್ದಾಳೆ! ಲಗುಬಗೆಯಿಂದ ಹೋಗಿ ಎಲೆ ಸರಿಸಿ ನೋಡಿದ. ಅಲ್ಲಿ ಕೆಂಚಿ ಇರಲಿಲ್ಲ. ಚೆನ್ನಿಗರಾಯ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ, ಗಂಟಲು ಕಿರಿದು ಮಾಡಿಕೊಂಡು, "ಬಂದೆ ಅಣ್ಣಾ! ಊಹೂಂ, ಇನ್ನೂ ಸ್ವಲ್ಪ ಕೀರಲು. ಬಂದೆ ಅಣ್ಣಾ!" ಎಂದು ಅಭ್ಯಾಸ ಮಾಡುತ್ತಿದ್ದ. ದಾರಿ ನೋಡಲು ಅವನು ಹೋಗಿಯೇ ಇರಲಿಲ್ಲ. ಬೋರಣ್ಣನ ಬೆನ್ನು ಇರುವಾಗ ದಾರಿ ಯಾರಿಗೆ ಬೇಕು?

ಬೋರಣ್ಣನಿಗೆ ಕೋಪ ಬಂದು ಮೂಗಿನಿಂದ ಬಿಸಿ ಉಸಿರು ಹೊರಟಿತು. ಕೊಂಬು ತಗ್ಗಿಸಿದ. ಆಮೇಲೆ ಏನನಿಸಿತೋ, ಸದ್ದಿಲ್ಲದೆ ಹಿಂದೆ ಸರಿದು ನೇರವಾಗಿ ಕೆಂಚಿಯ ಬಿಲಕ್ಕೆ ಹೋದ.

"ಕೆಂಚೀ, ನೀನು ಕಡವೆ ಜೊತೆ ಓಡ್ತೀನಿ ಅಂದ್ಯಂತೆ ಹೌದಾ?"

"ನಾನ್ಯಾಕನ್ಲಿ? ನೀನೇ ಆ ನರಿ ಜೊತೆ ಒಳಗೊಳಗೇ ಸೇರ್ಕೊಂಡಿದ್ದೀಯಂತೆ!"

"ಯಾರಂದ್ರು?"

"ನರೀನೇ ಅಂದ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರಣ್ಣ ಹಳ್ಳದ ಕತೆಯನ್ನೆಲ್ಲ ಹೇಳಿದ. ಕೆಂಚಿ ತಲೆ ಚಚ್ಚಿಕೊಂಡಳು. "ತಿರುವಿನಲ್ಲಿ ಮೊಣಕೈ ಕೊಟ್ಟು ನನ್ನ ಜಾಗಕ್ಕೆ ನುಗ್ತಿದ್ದ. ನಾನು ಹಿಂದಿನಿಂದ ಬಾಯಿ ಬಡ್ಕೊಂಡೆ, ಆ ಗಲಾಟೇಲಿ ನಿನಗೆ ಕೇಳಿಸ್ಲಿಲ್ಲ. ನಾನೂ ನಿನ್ನ ಕೇಳದೇ ಮುನಿಸ್ಕೊಂಡೆ. ತಪ್ಪಾಯ್ತು ಬೋರಣ್ಣ."

"ನಿನ್ನ ದನಿ ಕೇಳಿಸಿತ್ತು ಅಂತ ಮೊದಲೇ ಬಂದು ಹೇಳದೇ ಇದ್ದದ್ದು ನನ್ನ ತಪ್ಪು" ಎಂದ ಬೋರಣ್ಣ. "ಈಗ ಏನ್ಮಾಡೋಣ? ಇವತ್ತೂ ಅವನು ನಿನ್ನ ಜಾಗಕ್ಕೆ ನುಗ್ತಾನೆ."

"ನುಗ್ಲಿ ಬಿಡು" ಎಂದಳು ಕೆಂಚಿ. ಅವಳ ಮೀಸೆ ಕುಣಿಯತೊಡಗಿತು. ಬೋರಣ್ಣನ ಕಿವಿಯ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. ಎರಡು ದಿನದಿಂದ ನಗದಿದ್ದ ಬೋರಣ್ಣ ಬಿದ್ದು ಬಿದ್ದು ನಕ್ಕ.

ಓಟ ಶುರುವಾಯಿತು. ಗುಡ್ಡ ಹತ್ತಿದರು, ಗುಡ್ಡ ಇಳಿದರು. ಮೊಲ ಕೆಸರಿನಲ್ಲಿ ಜಾರಿತು. ಕಾಡುಹಂದಿ ದಾರಿಯಲ್ಲಿ ಗೆಡ್ಡೆ ಕಂಡು ಅಲ್ಲೇ ನಿಂತುಬಿಟ್ಟಿತು. ಬಿದಿರ ಮೆಳೆಯ ಕೊನೆಯ ತಿರುವಿನಲ್ಲಿ ಚೆನ್ನಿಗರಾಯ ಮೊಣಕೈ ಬೀಸಿ ಬೋರಣ್ಣನ ಹಿಂದಕ್ಕೆ ನುಗ್ಗಿದ. ಕೆಂಚಿ ಜಗಳಕ್ಕೆ ಹೋಗಲಿಲ್ಲ. ಸುಮ್ಮನೆ ಜಾಗ ಬಿಟ್ಟುಕೊಟ್ಟಳು.

ಹಳ್ಳ ದಾಟಿದರು. ಬಯಲು ಕಂಡಿತು. ದೂರದಲ್ಲಿ ಹುತ್ತದ ಮೇಲೆ ತೀರ್ಪುಗಾರ ತಿಮ್ಮಯ್ಯ, ಕಪ್ಪು ಮೋರೆಯ ಮುಸುವ ಕೋತಿ, ಕೈಯಲ್ಲಿ ಕೊಂಬೆ ಹಿಡಿದು ಕುಳಿತಿದ್ದ. ದಾರಿಯ ಎರಡೂ ಬದಿಗೆ ಪ್ರಾಣಿಗಳು ಕಿವಿ ಕಿವುಡಾಗುವಂತೆ ಕೂಗುತ್ತಿದ್ದವು.

"ಬಂದ್ಯಾ ತಂಗೀ?" ಎಂದು ಬೋರಣ್ಣ ಕೂಗಿದ.

"ಬಂದೆ ಅಣ್ಣಾ!" ಎಂದಿತು ಹಿಂದಿನ ದನಿ. ಬೆಳಗಿನ ಅಭ್ಯಾಸದ ಫಲ, ಒಂದಿಷ್ಟೂ ಲೋಪವಿರಲಿಲ್ಲ.

"ಹಾಗಾದ್ರೆ ಹೋಗು!" ಎಂದವನೇ ಬೋರಣ್ಣ ಸರಕ್ಕನೆ ಪಕ್ಕಕ್ಕೆ ಸರಿದುಬಿಟ್ಟ.

ಗುರಿ ಇನ್ನೂ ಎಷ್ಟೋ ದೂರವಿತ್ತು. ಬಯಲಿನ ಗಾಳಿ ಬಂದು ಚೆನ್ನಿಗರಾಯನ ಮುಖಕ್ಕೆ ರಪ್ಪನೆ ಬಡಿಯಿತು. ಐದು ದಿನಗಳಲ್ಲಿ ಅವನು ಗಾಳಿಯ ಮುಖ ನೋಡಿದ್ದು ಅದೇ ಮೊದಲು. ಕಣ್ಣಿನಲ್ಲಿ ನೀರು ಬಂತು, ಕಿವಿ ಮಡಚಿಕೊಂಡವು. ಅವನ ಹೆಮ್ಮೆಯ ಪೊದೆಬಾಲ ಛತ್ರಿಯ ಹಾಗೆ ಅರಳಿ ಹಿಂದಕ್ಕೆ ಎಳೆಯತೊಡಗಿತು. ನಿಲ್ಲುವ ಹಾಗಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಹಲ್ಲು ಕಚ್ಚಿ ತುಳಿದ. ಉಸಿರು ಕಟ್ಟಿತು, ತೊಡೆ ಸೀಳಿದಂತಾಯಿತು. ಆದರೂ ತುಳಿದ. ಹಿಂದೆ ಯಾರ ಸದ್ದೂ ಇಲ್ಲ. ಹುತ್ತಗಳು ಹತ್ತಿರ ಬಂದವು. ಬಳ್ಳಿ ಕಂಡಿತು. ಗೆದ್ದೆ, ಅಂತೂ ಗೆದ್ದೆ ಎಂದುಕೊಂಡ.

ಆಗ ಅವನ ಬಾಲದ ಬುಡದಿಂದಲೇ ಒಂದು ಕೀರಲು ದನಿ ಬಂತು.

"ಬಂದೆ ಅಣ್ಣಾ!"

ಈ ಸಲ ಅದು ನಿಜವಾದ ಕೆಂಚಿ. ಬಯಲಿನುದ್ದಕ್ಕೂ ಅವಳು ನರಿಯ ಅರಳಿದ ಬಾಲದ ಮರೆಯಲ್ಲಿ ಬೆಚ್ಚಗೆ ಬಂದಿದ್ದಳು. ಒಂದು ಹನಿ ಬೆವರೂ ಇರಲಿಲ್ಲ. ಚಂಗನೆ ಹಾರಿದಳು. ಚೆನ್ನಿಗರಾಯ ಕತ್ತು ಚಾಚಿದ, ನಾಲಗೆಯನ್ನೂ ಚಾಚಿದ. ಏನು ಮಾಡಿದರೂ ಕೆಂಚಿಯ ಮೂಗೇ ಮೊದಲು ಬಳ್ಳಿ ಮುಟ್ಟಿತು.

"ಕೆಂಚಿ ಗೆದ್ದಳು!" ಎಂದು ತಿಮ್ಮಯ್ಯ ಕೊಂಬೆ ಅಲ್ಲಾಡಿಸಿದ. ಬಯಲಿನ ನಡುವಿನಿಂದ ಒಂದು ಭಾರೀ ಗುಟುರು ಕೇಳಿಬಂತು. ಅದು ಯಾರದೆಂದು ಹೇಳಬೇಕಾಗಿಲ್ಲ.

ಚೆನ್ನಿಗರಾಯ ನೆಲದ ಮೇಲೆ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದ. "ಮೋಸ, ಮೋಸ! ಬೋರಣ್ಣ ನಡುದಾರೀಲಿ ಕೈ ಬಿಟ್ಟ!" ಎಂದು ಗೊಣಗಿದ.

"ಅವನು ನಿನ್ನ ಕೈ ಹಿಡಿದದ್ದು ಯಾವಾಗಪ್ಪ?" ಎಂದು ತಿಮ್ಮಯ್ಯ ಕೇಳಿದ.

ಕೆಂಚಿ ನರಿಯ ಹತ್ತಿರ ಬಂದು ಕೈ ಮುಗಿದಳು. "ಚೆನ್ನಿಗರಾಯಣ್ಣ, ಗಾಳಿಗೆ ಅಡ್ಡ ನಿಂತು ಇಲ್ಲೀವರೆಗೆ ಕರ್ಕೊಂಡು ಬಂದೆ. ನಿನ್ನ ಉಪಕಾರ ಮರೆಯೋದಿಲ್ಲ!" ಕಾಡಿಗೆ ಕಾಡೇ ನಕ್ಕಿತು. ಚೆನ್ನಿಗರಾಯ ಬಾಲ ಮುದುರಿಕೊಂಡು ಸೈಕಲ್ಲನ್ನೂ ಬಿಟ್ಟು ಪೊದೆ ಹೊಕ್ಕ.

ಹಳದಿ ಅಂಗಿ ಬಂತು. ಕೆಂಚಿ ಅದನ್ನು ತೊಡಲಿಲ್ಲ. ಹುತ್ತದ ಮೇಲೆ ಹತ್ತಿ, ಆಗ ತಾನೇ ಬಂದು ನಿಂತ ಬೋರಣ್ಣನ ಕೊಂಬಿಗೆ ಸಿಕ್ಕಿಸಿದಳು.

"ಮುಂದಿನ ವರ್ಷ ಬರ್ತೀಯಾ ತಂಗೀ?" ಎಂದು ಬೋರಣ್ಣ ಕೇಳಿದ.

"ನಿನ್ನ ಹಿಂದೆಯೇ ಅಣ್ಣಾ" ಎಂದಳು ಕೆಂಚಿ.

ನೀತಿ: ಇನ್ನೊಬ್ಬರ ಶ್ರಮದ ಮರೆಯಲ್ಲೇ ಗೆಲ್ಲಲು ಹೊರಟವರು ತಾವೇ ಗಾಳಿಗೆ ಎದೆಯೊಡ್ಡಬೇಕಾದ ದಿನ ಸೋಲುತ್ತಾರೆ.