ಗರಗಸದ ಆ ಕಡೆಯ ಹಿಡಿ

ಅಂದು ಎಂದಿನಂಥದೇ ಬೆಳಗು. ಹೊಳೆದಂಡೆಯ ಆಶ್ರಮದ ಅಡುಗೆಮನೆಗೆ ಬಾಗಿಲಾಗಬೇಕಿತ್ತು. ಅದಕ್ಕಾಗಿ ದಪ್ಪನೆಯ ತೇಗದ ಹಲಗೆಯೊಂದನ್ನು ಕಂಬಕ್ಕೆ ನೆಟ್ಟಗೆ ಕಟ್ಟಿ, ಮೇಲಿನಿಂದ ಕೆಳಕ್ಕೆ ಎರಡಾಗಿ ಸೀಳುತ್ತಿದ್ದರು.

ಹಲಗೆಯ ಈ ಕಡೆ ಗುರು ಕಾಳಪ್ಪಾಚಾರಿ. ಆ ಕಡೆ ಅವರ ಹೆಂಡತಿ ಸಾವಂತ್ರಮ್ಮ. ನಡುವೆ ಉದ್ದನೆಯ ಗರಗಸ. ಎರಡು ತುದಿಗೂ ಒಂದೊಂದು ಮರದ ಹಿಡಿ.

ಶಿಷ್ಯ ದ್ಯಾಮಣ್ಣ ಪಕ್ಕದಲ್ಲಿ ಕೂತು ಉಳಿ ಮಸೆಯುತ್ತಿದ್ದ.

"ಏನ್ರೀ, ಎಳೀತಿದ್ದೀರೋ, ಜೋತು ಬಿದ್ದಿದ್ದೀರೋ?" ಎಂದರು ಸಾವಂತ್ರಮ್ಮ.

"ನಿನ್ನ ಬಾಯಿ ಓಡಿದಷ್ಟು ಗರಗಸ ಓಡಿದ್ದರೆ ಇಷ್ಟೊತ್ತಿಗೆ ಬಾಗಿಲಾಗುತ್ತಿತ್ತು."

ದ್ಯಾಮಣ್ಣ ನಕ್ಕ.

ಗುರು ಎಳೆದರು. ಆ ಕಡೆಯಿಂದ ಎಳೆತ ಬರಲಿಲ್ಲ.

ಗುರು ಕಾದರು. ಅಮ್ಮನ ತಮಾಷೆಯಿರಬೇಕು ಎಂದು ದ್ಯಾಮಣ್ಣನೂ ಕಾದ. ಆಮೇಲೆ ಬಗ್ಗಿ ನೋಡಿದ. ಸಾವಂತ್ರಮ್ಮ ಮರದ ಹೊಟ್ಟಿನ ಮೇಲೆ ಬಿದ್ದಿದ್ದರು. ಕಣ್ಣು ತೆರೆದೇ ಇದ್ದವು.

ಉಸಿರಿರಲಿಲ್ಲ.

ಕರ್ಮಗಳೆಲ್ಲ ಮುಗಿದವು. ಬಂದವರು ಹೋದರು. ಗರಗಸ ಮಾತ್ರ ಅರ್ಧ ಸೀಳಿದ ಹಲಗೆಯಲ್ಲೇ ಉಳಿಯಿತು. ಗುರು ಅದರ ಎದುರು ಕೂರುತ್ತಿದ್ದರು. ಎಲೆಯ ಮುಂದೆ ಕೂತರೆ ಅನ್ನವನ್ನು ಕಲಸಿ, ಹಾಗೆಯೇ ಬಿಟ್ಟು ಏಳುತ್ತಿದ್ದರು.

ಹೀಗೇ ಆದರೆ ಇವರೂ ಉಳಿಯುವುದಿಲ್ಲ ಎನ್ನಿಸಿತು ದ್ಯಾಮಣ್ಣನಿಗೆ. ಒಂದು ಬೆಳಗ್ಗೆ ಧೈರ್ಯ ಮಾಡಿ ಕೇಳಿದ.

"ಗುರುಗಳೇ, ಆ ಕಡೆ ನಾನು ನಿಲ್ಲಲೇ?"

ಗುರು ಎದ್ದು ತಮ್ಮ ಕಡೆಯ ಹಿಡಿಗೆ ಕೈ ಹಚ್ಚಿದರು.

ಎಳೆದರು. ಇವನೂ ಎಳೆದ. ಸ್ವಲ್ಪದರಲ್ಲೇ ಗರಗಸ ಗೆರೆ ಬಿಟ್ಟು ಓರೆಯಾಯಿತು.

"ತಳ್ಳಬೇಡವೋ," ಎಂದರು ಗುರು. "ಎಳೆ, ಆಮೇಲೆ ಬಿಟ್ಟುಕೊಡು. ಅಷ್ಟೇ ನಿನ್ನ ಕೆಲಸ."

ದ್ಯಾಮಣ್ಣ ತಳ್ಳಲಿಲ್ಲ. ಗರಗಸ ಮತ್ತೆ ಓರೆಯಾಯಿತು.

"ಸಾಕು," ಎಂದು ಗುರು ಸ್ನಾನಕ್ಕೆ ಹೊಳೆಗೆ ಹೋದರು.

ಅವರ ಬೆನ್ನು ನೋಡುತ್ತ ದ್ಯಾಮಣ್ಣ ಅಂದುಕೊಂಡ: ಮತ್ತೆ ಇವರು ಗರಗಸ ಮುಟ್ಟಲಾರರು. ಅವನು ತನ್ನ ಕಡೆಯ ಹಿಡಿಯನ್ನು ತಿರುಗಿಸಿ ನೋಡಿದ. ಮರ ಸವೆದು ಹಳ್ಳ ಬಿದ್ದಿತ್ತು. ಆ ಹಳ್ಳಕ್ಕೆ ಅವನ ಹೆಬ್ಬೆರಳು ಕೂರುತ್ತಿರಲಿಲ್ಲ. ಹಿಡಿದರೆ ಮುಷ್ಟಿ ತಾನಾಗಿ ಒಂದು ಪಕ್ಕಕ್ಕೆ ಹೊರಳುತ್ತಿತ್ತು.

ತಪ್ಪು ಸಿಕ್ಕಿತು!

ಹೊಸ ತುಂಡು ತಂದು ಕೆತ್ತಿದ. ಗರಗಸದ ತುದಿ ಕೂರುವ ಸಂದನ್ನು ಕೂದಲೂ ನುಸುಳದಂತೆ ಕೊರೆದ. ಅಂಥ ಸಂದನ್ನು ಅವನು ಈವರೆಗೆ ಕೊರೆದಿರಲಿಲ್ಲ. ಕೂರಿಸಿದ. ಅಲುಗಲಿಲ್ಲ.

ಗುರು ಒದ್ದೆ ಪಂಚೆಯಲ್ಲಿ ಬಂದಾಗ ಅವನ ಮುಖ ಅರಳಿತ್ತು.

"ಗುರುಗಳೇ, ಹಿಡಿ ಕೆಟ್ಟಿತ್ತು. ಹೊಸದು ಮಾಡಿದೆ, ನೋಡಿ."

ಗುರು ನೋಡಿದರು.

"ಹಳೆಯದು?"

"ಗಂಜಿಗೆ ಇಟ್ಟಿದ್ದೆನಲ್ಲ, ಒಲೆಗೆ ಹಾಕಿದೆ. ಒಣಗಿದ ಮರ, ಚೆನ್ನಾಗಿ ಉರಿಯಿತು."

ಗುರು ಒಲೆಯ ಹತ್ತಿರ ಹೋದರು. ಮಂಡಿಯೂರಿದರು. ಬರಿಗೈಯನ್ನು ಬೆಂಕಿಯೊಳಗೆ ಹಾಕಿದರು.

"ಗುರುಗಳೇ!"

ಕೈ ಹೊರಬಂದಾಗ ಅದರಲ್ಲಿ ಕೆಂಡವಿತ್ತು. ಹಿಡಿಯುತ್ತಿದ್ದಂತೆ ಪುಡಿಯಾಗಿ ನೆಲಕ್ಕೆ ಉದುರಿತು.

ತಾನು ಸುಟ್ಟದ್ದು ಏನೆಂದು ದ್ಯಾಮಣ್ಣನಿಗೆ ಆಗ ಹೊಳೆಯಿತು.

ಗುರು ಸುಟ್ಟ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಎಲೆ ಹಾಕುವ ಜಾಗದಲ್ಲಿ ಕೂತರು.

"ಗಂಜಿ ಬಡಿಸು."

"ಆ ಗಂಜಿಯೇ, ಗುರುಗಳೇ?"

"ಅದೇ."

ಬಡಿಸಿದ. ಗುರು ನಿಧಾನವಾಗಿ ಉಂಡರು. ಇನ್ನೊಮ್ಮೆ ಹಾಕಿಸಿಕೊಂಡರು. ಬಟ್ಟಲಿನ ತಳವನ್ನೂ ಬೆರಳಿನಿಂದ ಒರೆಸಿ ಉಂಡರು.

"ನನ್ನನ್ನು ಕಳಿಸಿಬಿಡಿ," ಎಂದ ದ್ಯಾಮಣ್ಣ.

"ಹಲಗೆ ಅರ್ಧ ಉಳಿದಿದೆ. ಬಾ."

ಗುರು ಬಟ್ಟೆ ಸುತ್ತಿದ ಕೈಯಲ್ಲೇ ಎಳೆದರು. ಇವನು ಎಳೆದ. ಗರಗಸ ಗೆರೆಗೆ ಮರಳಿತು. ಮತ್ತೆ ಗೆರೆ ಬಿಡಲಿಲ್ಲ. ಹಲಗೆ ಬುಡದವರೆಗೂ ಸೀಳಿ ಎರಡಾಯಿತು.

ದ್ಯಾಮಣ್ಣ ಗರಗಸ ಕೆಳಗಿಟ್ಟ. ಕೇಳಬೇಕಾದದ್ದನ್ನು ಈಗ ಕೇಳಿದ.

"ಆ ಹಿಡಿ ಯಾಕೆ ಹಾಗೆ ಸವೆದಿತ್ತು, ಗುರುಗಳೇ?"

ಗುರು ಹಲಗೆಯ ಮೇಲಿನ ಹೊಟ್ಟನ್ನು ಊದಿದರು.

"ಅವಳು ಎಡಚಿ. ಬಡಿಸುವಾಗ ಮಾತ್ರ ಬಲಗೈ ಬಳಸುತ್ತಿದ್ದಳು."