ಬಾಗಿಲಿಲ್ಲದವರ ಮೂರು ಉತ್ತರ

ಹಂದರಗಿರಿಯ ಕಾಡು ಹೊತ್ತಿ ನಲವತ್ತು ಗುಡಿಸಲು ಬೂದಿಯಾದವು; ಪರಿಹಾರದ ರಾಗಿ ಮಾತ್ರ ಸುಡದ ಮನೆಗಳನ್ನು ಸೇರಿತು. ಇದು ಕಣ್ತಪ್ಪಿ ಆದದ್ದಲ್ಲ, ಮಂತ್ರಿ ಬಿಂಗರಸ ಕೂತು ಯೋಚಿಸಿ ಮಾಡಿದ ಕೆಲಸ. ಸುಟ್ಟ ಬಾಗಿಲನ್ನು ಹೊತ್ತು ತಂದು ಅರಮನೆಯ ಮುಂದೆ ತೋರಿಸಿದವರಿಗಷ್ಟೇ ರಾಗಿ ಎಂದು ಅವನು ಕಟ್ಟಳೆ ಮಾಡಿದ. ಕೊಟ್ಟಿಗೆಯ ಬಾಗಿಲಿಗೆ ಮಸಿ ತಗುಲಿದ ಜಹಗೀರುದಾರ ಹಂಪರಸನಿಗೆ ಹತ್ತು ಗಾಡಿ ಸಿಕ್ಕಿತು. ಬಾಗಿಲ ಬದಲು ಬಿದಿರ ತಟ್ಟಿ ಕಟ್ಟಿಕೊಂಡು ಬದುಕಿದ್ದ ಕಾಡಂಚಿನ ಹಾಡಿಯವರು ಬರಿಗೈಯಲ್ಲಿ ಬಂದರು, ಬರಿಗೈಯಲ್ಲಿ ಹೋದರು.

ಜನ ಅರಮನೆಯ ಗೋಡೆಗೆ ಬೂದಿ ಎರಚತೊಡಗಿದಾಗ ದೊರೆ ಸೋಮರಸ ಡಂಗುರ ಹೊಡೆಸಿದ: "ಕೇಳ್ರಪ್ಪೋ ಕೇಳಿ! ಉಳಿದಿರುವುದು ಒಂದೇ ಕಣಜ. ದೊರೆ ಮೂರು ಒಗಟು ಇಡುತ್ತಾರೆ. ಮೂರನ್ನೂ ಬಿಡಿಸಿದವನ ಕೈಗೆ ಕಣಜದ ಬೀಗದಕೈ. ರಾಗಿ ಯಾರಿಗೆ ಸಲ್ಲಬೇಕೆಂದು ಅವನೇ ಹೇಳಲಿ. ತಪ್ಪಿದವನ ತಲೆ ಉಳಿಯದು!"

ಆ ಹಾಡಿಯಲ್ಲಿ ಹುಲ್ಲು ಕೊಯ್ದು ಪೊರಕೆ ಕಟ್ಟುವ ಸಣ್ಣೀರ ಹೊರಟು ನಿಂತ. ಅವನ ಅಪ್ಪ ಆ ಬೆಂಕಿಯಲ್ಲೇ ಹೋಗಿದ್ದ.

"ಬ್ಯಾಡ ಮಗಾ, ನೀನೊಬ್ಬನಾದರೂ ಉಳಿ" ಎಂದಳು ತಾಯಿ.

"ಇಲ್ಲಿದ್ದರೆ ಮಳೆಗಾಲದೊಳಗೆ ಹಾಡಿಗೆ ಹಾಡಿಯೇ ಸಾಯ್ತದೆ ಕಣವ್ವಾ. ಅಲ್ಲಿ ಸತ್ತರೆ ಆ ಬಿಂಗರಸನ ಮುಖಕ್ಕೆ ನಾಲ್ಕು ಮಾತು ಅಂದು ಸಾಯ್ತೀನಿ."

ಸಭೆ ತುಂಬಿತ್ತು. ದೊರೆ ತನ್ನ ಉತ್ತರಗಳನ್ನು ಓಲೆಯಲ್ಲಿ ಬರೆದು ಮಡಿಲಲ್ಲಿಟ್ಟುಕೊಂಡು ಮೊದಲ ಒಗಟು ಇಟ್ಟ: "ಬೆಂಕಿ ಮುಟ್ಟಿದ್ದೆಲ್ಲ ಸುಟ್ಟು ಸಣ್ಣದಾಗುತ್ತದೆ. ಬೆಂಕಿ ಬಿದ್ದ ಮೇಲೆ ದಿನದಿನಕ್ಕೂ ಬೆಳೆಯುವುದೊಂದಿದೆ. ಯಾವುದದು?"

ಹಂಪರಸ ನುಗ್ಗಿ ಬಂದ. "ಹೊಲ, ಮಹಾಸ್ವಾಮಿ! ಕಾಡು ಸುಟ್ಟಷ್ಟೂ ನನ್ನ ಬೇಲಿ ಮುಂದಕ್ಕೆ ಸರಿಯುತ್ತದೆ."

ತಾನು ಏನು ಬಾಯಿಬಿಟ್ಟೆ ಎನ್ನುವುದು ಅವನಿಗೆ ತಿಳಿದದ್ದು ತಳವಾರ ರಟ್ಟೆ ಹಿಡಿದಾಗಲೇ. ಅವನ ತಲೆ ಹೋಯಿತು. ಸಣ್ಣೀರ ಅಯ್ಯೋ ಅನ್ನಲಿಲ್ಲ.

"ಹಸಿವು, ಬುದ್ಧೀ" ಎಂದ ಅವನು. "ಮೊದಲ ದಿನ ನಮ್ಮ ಮಕ್ಕಳು ಅತ್ತವು. ಎಂಟನೇ ದಿನ ಅಳೋದಕ್ಕೂ ತ್ರಾಣ ಇರಲಿಲ್ಲ."

ದೊರೆ ತಲೆಯಾಡಿಸಿದ. "ಸರಿ. ಪೂರ್ತಿ ಸುಟ್ಟಷ್ಟೂ, ಸುಟ್ಟಿತೆನ್ನಲು ಸಾಕ್ಷಿ ಉಳಿಯದು. ಯಾವುದದು?"

ಮರದ ವ್ಯಾಪಾರಿ ತಿಪ್ಪಣ್ಣ ಕಿಸಕ್ಕನೆ ನಕ್ಕ. "ಇದೂ ಒಂದು ಒಗಟೇ? ಕರ್ಪೂರ!"

"ಕರ್ಪೂರ ಉರಿದರೆ ಅದರ ಘಮವೇ ಸಾಕ್ಷಿ" ಎಂದ ದೊರೆ. ತಿಪ್ಪಣ್ಣನ ನಗುವಿನ ಜೊತೆ ತಲೆಯೂ ಹೋಯಿತು.

"ಬಡವನ ಮನೆ, ಬುದ್ಧೀ" ಎಂದ ಸಣ್ಣೀರ. "ಅರ್ಧ ಸುಟ್ಟವನಿಗೆ ಬಾಗಿಲು ಉಳೀತದೆ. ಪೂರ್ತಿ ಸುಟ್ಟವನು ಏನನ್ನು ಹೊತ್ತು ತರಬೇಕು?"

ಬಿಂಗರಸ ಮೀಸೆ ತಿರುವಿದ. "ಬಾಗಿಲೇ ಇಲ್ಲದವನಿಗೆ ಮನೆ ಇತ್ತು ಅಂತ ನಂಬೋದು ಹೇಗೋ?"

"ಹೊತ್ತು ತರೋ ಸಾಕ್ಷಿ ಇಲ್ಲ, ಪಲ್ಲಕ್ಕಿ ಇಳಿದು ಬಂದು ನೋಡಿ ಸ್ವಾಮಿ. ಎಲ್ಲ ಬೂದಿಯಾದರೂ ಒಲೆಯ ಮೂರು ಕಲ್ಲು ನಿಂತೇ ಇವೆ. ಬಾಗಿಲಿಲ್ಲದ ಮನೆ ಉಂಟು, ಒಲೆಯಿಲ್ಲದ ಮನೆ ಇಲ್ಲ. ನೀವು ಒಲೆ ಎಣಿಸಲಿಲ್ಲ."

ದೊರೆ "ಇದೂ ಸರಿ" ಎಂದು ಮೂರನೆಯದನ್ನು ಇಟ್ಟ: "ಕೈಯಿಲ್ಲ, ಕೊಳ್ಳಿಯಿಲ್ಲ. ಆದರೂ ನಮ್ಮ ಕಾಡಿಗೆ ಬೆಂಕಿಯಿಟ್ಟ. ಯಾರು?"

ಬಿಂಗರಸ ನಿರಾಳವಾಗಿ ನಕ್ಕ. ಗಾಳಿಗೆ ಬಿದಿರು ಬಿದಿರನ್ನು ಉಜ್ಜಿ ಕಿಡಿ ಹಾರುತ್ತದೆ; ದೊರೆಗೆ ಹಾಗೆಂದು ಹೇಳಿದವನೇ ಅವನು. ಆ ಮಾತು ಸಣ್ಣೀರನ ನಾಲಿಗೆಯ ತುದಿಗೂ ಬಂತು. ಬಿದಿರು ಎಂದರೆ ಬೀಗದಕೈ ಸಿಗುತ್ತದೆ, ಹಾಡಿ ಉಣ್ಣುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಸುಡುತ್ತದೆ. ಅವನು ಆ ಮಾತನ್ನು ನುಂಗಿದ.

"ಬಿದಿರು ಅನ್ನಲಿ ಅಂತ ಕಾಯ್ತಿದ್ದೀರಿ. ಅನ್ನಲ್ಲ. ನಮ್ಮ ಮುತ್ತಾತನ ಕಾಲದಿಂದಲೂ ಬಿದಿರು ಉಜ್ಜಿದೆ, ಕಿಡಿ ಹಾರಿದೆ. ಶಿವರಾತ್ರಿಗೆ ಮುಂಚೆ ನಾವು ಹಾಡಿಯ ಸುತ್ತ ಹತ್ತು ಮಾರು ಹುಲ್ಲು ಕೊಯ್ದು ನೆಲ ಬೋಳು ಮಾಡ್ತಿದ್ವಿ. ಬಂದ ಬೆಂಕಿ ಅಲ್ಲೇ ಸಾಯ್ತಿತ್ತು. ಬೇಟೆಯ ಮೃಗ ಅಡಗೋದಕ್ಕೆ ಹುಲ್ಲು ನಿಲ್ಲಬೇಕು ಅಂತ ಈ ವರ್ಷ ನಮ್ಮ ಕುಡುಗೋಲು ಕಿತ್ಕೊಂಡವರು ಯಾರು? ಇಗೋ, ಈ ಬಿಂಗರಸ! ಕೈಯಿಡದೆ, ಕೊಳ್ಳಿ ಹಿಡಿಯದೆ ಬೆಂಕಿಯಿಟ್ಟವನು ಇವನೇ."

"ತಪ್ಪು ಉತ್ತರ! ತಲೆ ತೆಗೆಯಿರಿ!" ಎಂದು ಬಿಂಗರಸ ಚೀರಿದ.

"ತೆಗೀರಿ. ಅದಕ್ಕೆ ಮೊದಲು, ಬೆಂಕಿ ಆರಿದ ಮೇಲೆ ಹಿಡಿದು ನಿಮ್ಮ ಸೆರೆಮನೆಗೆ ಹಾಕಿರೋ ಪಕ್ಕದ ಕೆಳಹಾಡಿಯ ಹನ್ನೊಂದು ಜನರನ್ನು ಕರೆಸಿ ಕೇಳಿ, ಬುದ್ಧೀ."

ಬೇಡಿ ಹಾಕಿದ್ದ ಹನ್ನೊಂದು ಜನ ಬಂದು ನಿಂತರು. ಸೆರೆಮನೆಯವನು ಓದಿದ: "ಅಪರಾಧ, ಮಂತ್ರಿಗಳ ಅಪ್ಪಣೆ ಮೀರಿ ಹಾಡಿಯ ಸುತ್ತ ಹುಲ್ಲು ಕೊಯ್ದದ್ದು."

"ನಿಮ್ಮ ಗುಡಿಸಲುಗಳು ಏನಾದವು?" ದೊರೆ ಕೇಳಿದ.

"ಮಾಡಿನ ಒಂದು ಹುಲ್ಲೆಸಳೂ ಕಂದಿಲ್ಲ, ಬುದ್ಧೀ" ಎಂದ ಅವರಲ್ಲಿ ಹಿರಿಯ. "ಬೆಂಕಿ ಬಂತು, ಬೋಳು ನೆಲ ನೋಡ್ತು, ತಿರುಗಿ ಹೋಯ್ತು."

ದೊರೆ ತನ್ನ ಓಲೆಯನ್ನು ಹರಿದ. "ಇವನ ಉತ್ತರ ಸರಿ. ನನ್ನದೇ ತಪ್ಪು." ಬೇಡಿ ಬಿಚ್ಚಿಸಿ, ಬೀಗದಕೈಯನ್ನು ಸಣ್ಣೀರನ ಕೈಗಿಟ್ಟು, "ಬಿಂಗರಸನ ತಲೆಯೂ ನಿನಗೇ" ಎಂದ.

"ತಲೆ ಬೇಡ, ಬುದ್ಧೀ. ಸತ್ತವನಿಗೆ ಹಸಿವು ಗೊತ್ತಾಗಲ್ಲ. ಇವನ ಮನೆಯ ಬಾಗಿಲುಗಳನ್ನೆಲ್ಲ ಕಿತ್ತು ನಮ್ಮ ಹಾಡಿಗೆ ಕೊಡಿ. ಈ ಮಳೆಗಾಲ ಪೂರ್ತಿ ನಮ್ಮ ಬೂದಿಯ ಮೇಲೆ ಇವನು ಕೂರಲಿ. ಹೊಟ್ಟೆ ಹಸಿದಾಗ ನನ್ನ ಹತ್ತಿರ ಬಂದು ರಾಗಿ ಕೇಳಲಿ. 'ಬಾಗಿಲು ತೋರಿಸು' ಅಂತೀನಿ."

ಹಾಗೇ ಆಯಿತು. ಒಲೆಗೊಂದು ಪಾಲಿನಂತೆ ರಾಗಿ ಹಾಡಿಯ ಪಾಲಾಯಿತು. ಬಿಂಗರಸ ಮಳೆಯಲ್ಲಿ ನೆನೆದು, ಅಂಗೈ ಚಾಚಿ ದಿನಕ್ಕೆ ಮೂರು ಸಲ ಕೇಳಿದ. ಸಣ್ಣೀರ ದಿನಕ್ಕೆ ಮೂರು ಸಲವೂ ಅದೇ ಉತ್ತರ ಕೊಟ್ಟ.

ಓದಿ ತಲೆದೂಗಿದ್ದು ಸಾಕು. ಬೆಂಕಿ ಬಿದ್ದ ಊರಿಗೆ ಪರಿಹಾರದ ಪಟ್ಟಿ ಹಿಡಿದು ಬರುವವರು ಇವತ್ತೂ ಇದ್ದಾರೆ. ಎದ್ದು ಹೋಗಿ ಅವರ ದಾರಿಗೆ ಅಡ್ಡ ನಿಲ್ಲಿ. ಪಟ್ಟಿಯ ಒಂದೊಂದು ಹೆಸರನ್ನೂ ಊರ ಮುಂದೆ ಗಟ್ಟಿಯಾಗಿ ಓದಿಸಿ. ಮನೆ ಸುಟ್ಟುಹೋದವರ ಹೆಸರು ಬರೆಯುವ ತನಕ ಅವರನ್ನು ಕದಲಲು ಬಿಡಬೇಡಿ.