ಸದ್ದಿಲ್ಲದ ಡಿಸ್ಕಿನ ಜಂಬ

ಸ್ಟುಡಿಯೋ ರುದ್ರಮುನಿಯ ಕಂಪ್ಯೂಟರಿಗೆ ಹೊಸದಾಗಿ ಬಂದ, ಸದ್ದೇ ಮಾಡದ ಎಸ್‌ಎಸ್‌ಡಿ ಎಂಬ ಡಿಸ್ಕಿಗೆ ಪಕ್ಕದ ಹಳೆಯ ಹಾರ್ಡ್‌ಡಿಸ್ಕಿನ ಗರಗರ ಸದ್ದು ಕೇಳಿದರೇ ಮೈ ಉರಿಯುತ್ತಿತ್ತು. ಆಪರೇಟಿಂಗ್ ಸಿಸ್ಟಮ್ ಇಡಿಯಾಗಿ ತನ್ನೊಳಗೆ ಇಳಿದ ಮೇಲೆ ಅದು ಹೇಳಿಯೇಬಿಟ್ಟಿತು: "ಅಜ್ಜಾ, ಇನ್ನು ನೀವು ಹೊರಡಿ."

"ಹೊರಡುತ್ತೇನಪ್ಪ. ಆದರೆ ಬೆಳಿಗ್ಗೆ ನಿನ್ನನ್ನು ಎಬ್ಬಿಸುವ ಫೈಲು..."

"ನನ್ನನ್ನು ಯಾರೂ ಎಬ್ಬಿಸಬೇಕಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಏಳುವವನು ನಾನು!"

ಗರಗರ ತಾಳಲಾರದೆ ರುದ್ರಮುನಿಯೂ ಅಂದೇ ಹಳೆಯದನ್ನು ಬಿಚ್ಚಿ ಮೇಜಿನ ಮೇಲಿಟ್ಟ.

ಮರುದಿನ ಸ್ವಿಚ್ ಒತ್ತಿದ. ಕಂಪ್ಯೂಟರಿನ ಬಾಗಿಲು ಕಾಯುವ ಬಯೋಸ್ ಕೇಳಿತು: "ಬೂಟ್ ಫೈಲು ಎಲ್ಲಿ?"

ಎಸ್‌ಎಸ್‌ಡಿ ಮೈಯೆಲ್ಲ ತಡಕಾಡಿತು. "ಇಲ್ಲ ಸ್ವಾಮಿ. ಆದರೆ ಸಿಸ್ಟಮ್ ಪೂರ್ತಿ ನನ್ನಲ್ಲೇ ಇದೆ!"

"ಇರಲಿ. ಆ ಫೈಲಿಲ್ಲದೆ ನಾನು ಯಾರನ್ನೂ ಎಬ್ಬಿಸುವುದಿಲ್ಲ."

ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಮತ್ತೆ ಸ್ವಿಚ್ ಒತ್ತಿ ಬೆವೆತ ರುದ್ರಮುನಿ, "ಹೊಸದೇ ಕೆಟ್ಟಿದೆ, ವಾಪಸ್ ಕೊಡ್ತೀನಿ" ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡ.

ಮೇಜಿನ ಮೇಲಿಂದ ಹಳೆಯ ಡಿಸ್ಕು ಹೇಳಿತು: "ಇನ್‌ಸ್ಟಾಲ್ ಮಾಡುವಾಗ ನಾನೂ ಜೊತೆಗಿದ್ದೆನಲ್ಲ ಮಗಾ, ಆ ಫೈಲು ನನ್ನ ಮೇಲೇ ಬಂದು ಕೂತಿತು. ಅದನ್ನೇ ಹೇಳಹೊರಟಿದ್ದೆ."

"ಅಜ್ಜನನ್ನು ಮತ್ತೆ ಜೋಡಿಸಿ!" ಎಂದು ಎಸ್‌ಎಸ್‌ಡಿ ಜೀವ ಹೋಗುವಂತೆ ಕೂಗಿತು. ಆದರೆ ಸದ್ದೇ ಮಾಡುವುದಿಲ್ಲವೆಂದು ಮೆಚ್ಚಿ ತಂದಿದ್ದ ರುದ್ರಮುನಿಗೆ ಆ ಕೂಗು ಕೇಳಿಸಲೇ ಇಲ್ಲ.